ಅರ್ಧ ರಜೆ ಮೈಸೂರಿಗೆ, ಅರ್ಧ ಮೇಲುಕೋಟೆಗೆ

ಮೈಸೂರಿಗೆ ಬಂದವರು ಮೇಲುಕೋಟೆ ನೋಡುವ ರೀತಿ ಹೆಚ್ಚುಕಮ್ಮಿ ಒಂದೇ. ಬೆಳಿಗ್ಗೆ ಕಾರು ಹತ್ತುತ್ತಾರೆ. ದಾರಿಯಲ್ಲಿ ಶ್ರೀರಂಗಪಟ್ಟಣದ ರಂಗನಾಥನಿಗೆ ಕೈ ಮುಗಿಯುತ್ತಾರೆ. ಸುಡು ಬಿಸಿಲಲ್ಲಿ ಬೆಟ್ಟದ ಮೆಟ್ಟಿಲು, ಕಲ್ಯಾಣಿ ಮುಂದೆ ಫೋಟೋ, ಒಂದು ಪ್ಲೇಟ್ ಪುಳಿಯೋಗರೆ, ಸಂಜೆಗೆ ವಾಪಸ್. ಐವತ್ತು ಕಿಲೋಮೀಟರ್ ದೂರದ ಊರಲ್ಲಿ ರಾತ್ರಿ ಯಾಕೆ ಉಳೀಬೇಕು ಅನ್ನೋ ಲೆಕ್ಕ. ನನ್ನ ಪ್ರಕಾರ ಆ ಊರು ಶುರುವಾಗೋದೇ ಆ ಕಾರುಗಳು ಹೋದ ಮೇಲೆ. ಅದಕ್ಕೇ ಈ ಸಲ ರಜೆಯನ್ನು ಎರಡು ಪಾಲು ಮಾಡಿದೆವು. ಮೊದಲ ಪಾಲು ಮೈಸೂರಿಗೆ, ಉಳಿದದ್ದು ಮೇಲುಕೋಟೆಗೆ.

ಶಿವಮೊಗ್ಗದಲ್ಲಿ ಅಕ್ಕಪಕ್ಕದವರು ನಕ್ಕರು. "ಮಲೆನಾಡಿನವರು ಬೆಟ್ಟ ನೋಡೋಕೆ ಮಂಡ್ಯ ಜಿಲ್ಲೆಗೆ ಹೋಗ್ತೀರಾ?" ಅವರು ಕೇಳಿದ್ದರಲ್ಲೂ ತಪ್ಪಿಲ್ಲ. ನಮ್ಮ ಕಡೆ ಬೆಟ್ಟ ಅಂದರೆ ಕಾಡು, ಜಿಗಣೆ, ಮಳೆ. ಮೇಲುಕೋಟೆಯದು ಬಂಡೆ ಬೆಟ್ಟ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಮೇಲೆ, ಬರೀ ಕಲ್ಲು, ಕುರುಚಲು ಗಿಡ, ಕೊಳ. ಅದರ ಮೌನವೇ ಬೇರೆ.

ಹೊರಟವರು ನಾನು, ಇವರು, ನಮ್ಮತ್ತೆ. ಅತ್ತೆಗೆ ಚಾಮುಂಡಿ ದರ್ಶನ ಆಗಬೇಕು, ರೇಷ್ಮೆ ಸೀರೆ ನೋಡಬೇಕು. ಇವರಿಗೆ ದೋಸೆ, ಆಮೇಲೆ ನಿದ್ದೆ. ಸಂಕ್ರಾಂತಿ ಕಳೆದ ವಾರ, ಹಾಸನದ ಮೇಲೆ ಹೋಗುವ ರೈಲಿಗೆ ಹತ್ತಿದೆವು.

ಶನಿವಾರ

ಗಾಂಧಿ ಸ್ಕ್ವೇರ್ ಹತ್ತಿರ ರೂಮು. ಬ್ಯಾಗು ಇಟ್ಟು, ಮುಖ ತೊಳೆದು, ನೇರ ದೇವರಾಜ ಮಾರುಕಟ್ಟೆಗೆ. ಮೈಸೂರಿನಲ್ಲಿ ಮೊದಲು ನೋಡಬೇಕಾದದ್ದು ಅರಮನೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಮಾರುಕಟ್ಟೆ ಅನ್ನುತ್ತೇನೆ. ಅದೂ ಸಂಜೆ, ಅಂಗಡಿ ಅಂಗಡಿಗೂ ಬಲ್ಬು ಹತ್ತಿದ ಮೇಲೆ.

ಚಿಕ್ಕ ಗಡಿಯಾರದ ಕಡೆಯಿಂದ ಒಳಗೆ ಹೋದೆವು. ಬಾಳೆಹಣ್ಣಿನ ಸಾಲು, ಅರಿಶಿನ ಕುಂಕುಮದ ಸಾಲು, ಆಮೇಲೆ ಹೂವಿನ ಸಾಲು. ಕುಂಕುಮವನ್ನು ಗೋಪುರದ ಹಾಗೆ ಒಟ್ಟಿರುತ್ತಾರೆ, ಗಾಳಿ ಬಂದರೂ ಒಂದು ಕಣ ಜಾರುವುದಿಲ್ಲ. ಅವರೆಕಾಯಿ ಕಾಲ ಬೇರೆ. ಹೆಂಗಸರು ಹಿತಕಿದ ಬೇಳೆಯನ್ನು ಪಾವಿನಲ್ಲಿ ಅಳೆದು ಮಾರುತ್ತಿದ್ದರು, ಸೊಗಡು ಮೂಗಿಗೆ ಹೊಡೆಯುತ್ತಿತ್ತು. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ವೀಳ್ಯದೆಲೆ ಬೇಕಾದಷ್ಟು ಸಿಕ್ಕಿತು. ರಸಬಾಳೆ ಹುಡುಕಬೇಕಾಯಿತು, ಸುತ್ತಲೂ ಏಲಕ್ಕಿ ಬಾಳೆಯದೇ ರಾಜ್ಯ. ಮಲ್ಲಿಗೆ ಬೆಲೆಯನ್ನಂತೂ ಜನವರಿಯಲ್ಲಿ ಕೇಳಲೇಬಾರದು.

ಅತ್ತೆ ಕೇಳಿದರು. ಅಷ್ಟೇ ಅಲ್ಲ, ಹೂವಿನವನು ಮೊಳ ಹಾಕುವಾಗ ಕೈ ಹಿಡಿದು ನಿಲ್ಲಿಸಿದರು.

"ನಿನ್ ಮೊಳ ಗಿಡ್ಡ ಆಯ್ತು ಮಾರಾಯ. ನನ್ ಕೈಯಲ್ಲಿ ಅಳಿ."

ಅವನು ನಗುತ್ತಾ ದಂಡೆಯನ್ನು ಅತ್ತೆಯ ಮೊಣಕೈಯಿಂದ ಬೆರಳ ತುದಿವರೆಗೆ ಹಿಡಿದ. ಎರಡು ಬೆರಳು ಕಮ್ಮಿಯೇ ಬಂತು. "ನೋಡ್ರವ್ವ, ಈಗ ಯಾರ್ ಮೊಳ ಬೇಕು?" ಅತ್ತೆ ಏನೂ ಮಾತಾಡದೆ ಅವನ ಮೊಳದಲ್ಲೇ ತಗೊಂಡರು. ಅವನೂ ಒಂದು ಗೇಣು ಜಾಸ್ತಿಯೇ ಕತ್ತರಿಸಿದ.

ಕಟ್ಟಡ ಮಾತ್ರ ನೋಡಿದರೆ ಬೇಜಾರಾಗುತ್ತದೆ. 2016ರಲ್ಲಿ ಇದರ ಒಂದು ಭಾಗ ಕುಸಿದು ಬಿತ್ತು. ಕೆಡವಿ ಕಟ್ಟಬೇಕು, ಇಲ್ಲ ಇದ್ದದ್ದನ್ನೇ ಉಳಿಸಬೇಕು ಅನ್ನುವ ಜಗ್ಗಾಟ ಆಗ ಜೋರಾಯಿತು. ವ್ಯಾಪಾರ ಮಾಡುವವರು ಅದರ ಕೆಳಗೇ ತೂಗುತ್ತಾ, ಕೂಗುತ್ತಾ ಇದ್ದಾರೆ. ವಾಪಸ್ ಬರುವಾಗ ದೊಡ್ಡ ಗಡಿಯಾರದ ಹತ್ತಿರ ನಿಂತು ಟೈಮ್ ನೋಡಿದೆವು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿ ಹಬ್ಬಕ್ಕೆ ಕಟ್ಟಿದ್ದು, ಮುಖದ ಮೇಲೆ ಕನ್ನಡ ಅಂಕಿ.

ಭಾನುವಾರ

ಚಾಮುಂಡಿ ಬೆಟ್ಟಕ್ಕೆ ನಾವಿಬ್ಬರು ಮೆಟ್ಟಿಲು ಹತ್ತಿದೆವು, ಅತ್ತೆ 201 ನಂಬರ್ ಬಸ್ಸಲ್ಲಿ ಬಂದರು. ಸಾವಿರಕ್ಕೂ ಜಾಸ್ತಿ ಮೆಟ್ಟಿಲು. ನಮ್ಮ ಹಿಂದೆ ಒಬ್ಬ ತಾಯಿ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಬರುತ್ತಿದ್ದರು. ಅವರು ಬಗ್ಗಿ ಏಳುವ ವೇಗಕ್ಕೂ ನಾವು ದಮ್ಮು ಬಿಡುತ್ತಾ ಹತ್ತುವ ವೇಗಕ್ಕೂ ಜಾಸ್ತಿ ವ್ಯತ್ಯಾಸ ಇರಲಿಲ್ಲ ಅನ್ನೋದು ಇವರಿಗೆ ಸ್ವಲ್ಪ ಅವಮಾನ.

ಮೇಲಿನಿಂದ ಇಳಿಯುವಾಗ ನಂದಿ ಹತ್ತಿರ ಕೂತೆವು. ಒಂದೇ ಬಂಡೆಯಲ್ಲಿ ಕಡೆದದ್ದು, 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಮಾಡಿಸಿದ್ದು. ಎಣ್ಣೆ ಕುಡಿದು ಕುಡಿದು ಕಪ್ಪಾಗಿದೆ. ಕೊರಳಿನ ಗಂಟೆ ಸರದ ಕೆತ್ತನೆಯನ್ನು ಹತ್ತಿರದಿಂದ ನೋಡಿ. ಒಂದೊಂದು ಗಂಟೆಗೂ ಕೊಂಡಿ, ಕೊಂಡಿಗೂ ದಾರದ ಗಂಟು.

ತಿಂಡಿಗೆ ನಜರ್‌ಬಾದಿನ ಮೈಲಾರಿ. ಯಾವ ಮೈಲಾರಿ ಅಸಲಿ ಅಂತ ಮೈಸೂರಿನವರನ್ನು ಕೇಳಬೇಡಿ, ಒಂದೊಂದು ಮನೆಯಲ್ಲಿ ಒಂದೊಂದು ಉತ್ತರ ಇರುತ್ತದೆ. ದೋಸೆ ಗರಿ ಅಲ್ಲ, ಮೆತ್ತಗೆ. ಒಳಗೆ ಸಾಗು, ಮೇಲೆ ಬೆಣ್ಣೆ. ಕೈಯಿಂದ ಎತ್ತುವಷ್ಟರಲ್ಲಿ ಬೆಣ್ಣೆ ಕರಗಿ ಎಲೆಗೆ ಇಳಿದಿರುತ್ತದೆ. ಇವರು ಎಷ್ಟು ತಿಂದರು ಅಂತ ಬರೆಯೋದು ಬೇಡ.

ಮಧ್ಯಾಹ್ನ ಅರಮನೆ. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಹೊತ್ತಲ್ಲಿ ಸುಟ್ಟುಹೋಯಿತು. ಈಗಿರುವುದು ಹೆನ್ರಿ ಇರ್ವಿನ್ ನಕ್ಷೆ ಮಾಡಿದ್ದು, 1912ಕ್ಕೆ ಮುಗಿಯಿತು. ಮರ ನಂಬಿ ಒಮ್ಮೆ ಸುಟ್ಟುಕೊಂಡವರು ಈ ಸಲ ಕಲ್ಲು, ಕಬ್ಬಿಣಕ್ಕೆ ಬಂದರು. ಕಲ್ಯಾಣ ಮಂಟಪದ ಕಂಬಗಳು ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಬ್ಬಿಣ. ಬಣ್ಣ ಬಳಿದಿರುವುದರಿಂದ ಗೊತ್ತೇ ಆಗಲ್ಲ. ಆದರೆ ಭಾನುವಾರ ಮಧ್ಯಾಹ್ನ ಅಲ್ಲಿ ನಾವು ನಡೆಯಲಿಲ್ಲ, ಜನ ನಮ್ಮನ್ನು ತಳ್ಳಿಕೊಂಡು ಹೋದರು. ಗೋಡೆ ಮೇಲಿನ ದಸರಾ ಮೆರವಣಿಗೆಯ ಚಿತ್ರಗಳ ಮುಂದೆ ಅರ್ಧ ನಿಮಿಷ ನಿಲ್ಲೋಕೂ ಬಿಡಲಿಲ್ಲ.

ಅದೇ ಜನಜಂಗುಳಿ ಸಂಜೆ ಇಷ್ಟವಾಯಿತು. ಭಾನುವಾರ ಮತ್ತು ಸರ್ಕಾರಿ ರಜೆ ದಿನ ಏಳು ಗಂಟೆಗೆ ಅರಮನೆಗೆ ದೀಪ ಹಾಕುತ್ತಾರೆ. ಸುಮಾರು ಒಂದು ಲಕ್ಷ ಬಲ್ಬು. ಕತ್ತಲಲ್ಲಿ ಎಲ್ಲರೂ ಮೊಬೈಲ್ ಮೇಲೆತ್ತಿ ಕಾಯುತ್ತಿದ್ದರು. ಅಷ್ಟೂ ಬಲ್ಬು ಒಟ್ಟಿಗೆ ಹೊತ್ತಿಕೊಂಡಾಗ ಇಡೀ ಮೈದಾನ ಒಂದೇ ಉಸಿರಿಗೆ "ಹೋ" ಅಂದಿತು. ಪಕ್ಕದಲ್ಲಿದ್ದ ಕಡಲೆಕಾಯಿ ಮಾರುವ ಹುಡುಗನೂ ತಿರುಗಿ ನೋಡಿದ. ವಾರ ವಾರ ನೋಡುವವನು.

ಸೋಮವಾರ

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ನಡಿಗೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ. ಕುವೆಂಪು ವಾಕಿಂಗ್ ಹೋಗುತ್ತಿದ್ದದ್ದು ಇಲ್ಲೇ. ಚೆನ್ನಾಗಿದೆ, ಆದರೆ ಏಳು ಗಂಟೆಗೆಲ್ಲಾ ನಡೆಯುವವರ ಟ್ರಾಫಿಕ್ ಜಾಮ್.

ಆಮೇಲೆ ಅತ್ತೆಯ ದಿನ. ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆ, 1912ರಿಂದ ನಡೆಯುತ್ತಿರುವುದು. ಮಗ್ಗಗಳ ಸದ್ದಿಗೆ ಪಕ್ಕದವರ ಮಾತು ಕೇಳಿಸುವುದಿಲ್ಲ. ರೇಷ್ಮೆ ನೂಲು ಟಿ. ನರಸೀಪುರದಿಂದ ಬರುತ್ತದೆ, ಜರಿಯಲ್ಲಿ ನಿಜವಾದ ಬೆಳ್ಳಿ ಬಂಗಾರ ಇರುತ್ತದೆ, ಒಂದೊಂದು ಸೀರೆಗೂ ಅದರದ್ದೇ ನಂಬರ್. ಮಳಿಗೆಯಲ್ಲಿ ಅತ್ತೆ ಒಂದು ಹಸಿರು ಸೀರೆಯನ್ನು ಬೆರಳ ಮಧ್ಯೆ ಹಿಡಿದು ಜಾರಿಸಿದರು, ಬೆಲೆ ಚೀಟಿ ನೋಡಿದರು, ಮಡಿಕೆ ಕೆಡದ ಹಾಗೆ ವಾಪಸ್ ಇಟ್ಟರು. "ನೋಡಾಯ್ತಲ್ಲ, ನಡಿ." ಇವರು ಕೊಡಿಸುತ್ತೇನೆ ಅಂದರೂ ಕೇಳಲಿಲ್ಲ.

ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್‌ನಲ್ಲಿ ಮೈಸೂರು ಪಾಕ್ ಕಟ್ಟಿಸಿದೆವು. ಅರಮನೆ ಅಡುಗೆಯ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ. ಹೊರಗೆ ಬಂದರೆ ಆಟೋ, ಹಾರ್ನು, ಜನ. ಮೃಗಾಲಯಕ್ಕೆ ಹೋಗೋಣ ಅಂತ ಇವರು ಎಳೆದರು. ಮಂಗಳವಾರ ಅದಕ್ಕೆ ರಜೆ, ಹೋದರೆ ಇವತ್ತೇ ಹೋಗಬೇಕು. ನನಗೆ ಕಾಲೂ ಇರಲಿಲ್ಲ, ಕಿವಿಯೂ ಇರಲಿಲ್ಲ. ಊರು ಬದಲಿಸೋಕೆ ಇದೇ ಸರಿಯಾದ ಹೊತ್ತು. ಗದ್ದಲ ಸಾಕು ಅನಿಸುವವರೆಗೂ ಗದ್ದಲದಲ್ಲಿರಬೇಕು. ಮೊದಲೇ ಬೆಟ್ಟಕ್ಕೆ ಹೋಗಿದ್ದರೆ ಎರಡನೇ ದಿನವೇ ಇವರು ಬಸ್ ಟೈಮ್ ಕೇಳುತ್ತಿದ್ದರು.

ಮಂಗಳವಾರ

ಮೈಸೂರಿನಿಂದ ಮೇಲುಕೋಟೆಗೆ ನೇರ ಬಸ್ಸು ಕಮ್ಮಿ. ಪಾಂಡವಪುರಕ್ಕೆ ಹೋಗಿ ಬಸ್ಸು ಬದಲಿಸಿದೆವು. ನಮಗಿಬ್ಬರಿಗೂ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್. ದುಡ್ಡು ಕೊಟ್ಟವರು ಇವರೊಬ್ಬರೇ, ಮತ್ತು ಅದನ್ನು ದಾರಿಯುದ್ದಕ್ಕೂ ಹೇಳುತ್ತಿದ್ದರು.

ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತು. ಹೈದರಾಲಿ, ಟಿಪ್ಪು ಕಾಲದ ಫ್ರೆಂಚ್ ಸೈನಿಕರ ಬಿಡಾರ ಇದ್ದದ್ದು ಇಲ್ಲಿ. ಅಲ್ಲಿಂದ ಮುಂದೆ ಎರಡೂ ಕಡೆ ಕಬ್ಬು, ಭತ್ತ, ತೆಂಗು. ಕನ್ನಂಬಾಡಿಯಲ್ಲಿ ನೀರು 124 ಅಡಿ ಮುಟ್ಟಿತಾ ಅಂತ ಮಂಡ್ಯದವರು ಮಳೆಗಾಲದಲ್ಲಿ ದಿನಾ ಯಾಕೆ ಪೇಪರ್ ನೋಡುತ್ತಾರೆ ಅನ್ನೋದು ಈ ಕಿಟಕಿಯಲ್ಲಿ ಕೂತರೆ ಗೊತ್ತಾಗುತ್ತದೆ. ಜಕ್ಕನಹಳ್ಳಿ ದಾಟಿದ ಮೇಲೆ ಹಸಿರು ತೆಳುವಾಯಿತು. ಬಂಡೆ ಶುರು. ಬಸ್ಸು ಏದುಸಿರು ಬಿಡುತ್ತಾ ಏರಿತು.

ಇಳಿದಾಗ ಮಧ್ಯಾಹ್ನ ಎರಡೂವರೆ. ನಾನು ಹೇಳಿದ ಆ ಕಾರುಗಳೆಲ್ಲಾ ಅಲ್ಲೇ ಇದ್ದವು. ಕಲ್ಯಾಣಿ ಹತ್ತಿರ ಮದುವೆಗೆ ಮುಂಚಿನ ಫೋಟೋ ತೆಗೆಸುವ ಒಂದು ಜೋಡಿ, ಅವರ ಹಿಂದೆ ಇನ್ನೊಂದು ಜೋಡಿ ಕ್ಯೂನಲ್ಲಿ. ಅತ್ತೆ ನನ್ನ ಮುಖ ನೋಡಿದರು. "ಇದೇನಾ ನಿನ್ನ ಪ್ರಶಾಂತ ಊರು?"

ರೂಮಿಗೆ ಹೋಗಿ ಮಲಗಿದೆವು. ಇಲ್ಲಿ ದೊಡ್ಡ ಹೋಟೆಲ್ ನಿರೀಕ್ಷೆ ಬೇಡ. ಛತ್ರ, ಮಠಗಳ ವಸತಿ, ಒಂದೆರಡು ಲಾಡ್ಜ್, ಅಷ್ಟೇ. ನಮ್ಮ ರೂಮಿನಲ್ಲಿ ಬಿಸಿನೀರು ಬೆಳಿಗ್ಗೆ ಬಕೆಟ್ ಲೆಕ್ಕ.

ಐದೂವರೆಗೆ ಹೊರಗೆ ಬಂದರೆ ಬೀದಿ ಖಾಲಿ. ಮಂತ್ರ ಹಾಕಿದ ಹಾಗೆ. ಜಗುಲಿ ಮೇಲೆ ಕೂತು ಇಬ್ಬರು ಮುದುಕರು ಏನೋ ವಾದ ಮಾಡುತ್ತಿದ್ದರು. ಒಬ್ಬ ಹುಡುಗ ಜುಟ್ಟು ಬಿಗಿದುಕೊಂಡು ಸೈಕಲ್ ತುಳಿಯುತ್ತಾ ಹೋದ. ಚೆಲುವನಾರಾಯಣ ಸ್ವಾಮಿ ದೇವಸ್ಥಾನದಲ್ಲಿ ಬೆರಳೆಣಿಕೆಯಷ್ಟು ಜನ. ಅರ್ಚಕರಿಗೂ ಆತುರ ಇಲ್ಲ, ನಮಗೂ ಇಲ್ಲ. ರಾಮಾನುಜಾಚಾರ್ಯರು ಚೋಳರ ಕಾಟಕ್ಕೆ ಈ ಕಡೆ ಬಂದು 12ನೇ ಶತಮಾನದಲ್ಲಿ ಸುಮಾರು ಹನ್ನೆರಡು ವರ್ಷ ಇಲ್ಲಿದ್ದರು ಅಂತ ಸಂಪ್ರದಾಯ. ಉತ್ಸವಮೂರ್ತಿ ಚೆಲುವಪಿಳ್ಳೆಯನ್ನು ಅವರು ದೆಹಲಿಯಿಂದ ತಂದರಂತೆ. ಮೂರ್ತಿಯನ್ನು ಬಿಟ್ಟಿರಲಾರದೆ ಸುಲ್ತಾನನ ಮಗಳು ಹಿಂದೆಯೇ ಬಂದಳಂತೆ. ಅವಳೇ ಬೀಬಿ ನಾಚಿಯಾರ್, ಇವತ್ತಿಗೂ ಪೂಜೆ ಇದೆ. ಮೂರ್ತಿ ತರಲು ನೆರವಾದ ದಲಿತರನ್ನು ರಾಮಾನುಜರು ತಿರುಕುಲದವರು ಅಂತ ಕರೆದು ದೇವಸ್ಥಾನದೊಳಗೆ ಬಿಟ್ಟರು. ಆದರೆ ವರ್ಷದಲ್ಲಿ ಕೆಲವೇ ದಿನ. ಅಷ್ಟು ದೊಡ್ಡ ಹೆಜ್ಜೆ ಇಟ್ಟವರ ಊರಲ್ಲೂ ಬಾಗಿಲು ಪೂರ್ತಿ ತೆರೆಯಲು ನೂರಾರು ವರ್ಷ ಬೇಕಾಯಿತು.

ಸ್ವಾಮಿಯ ವಜ್ರದ ವೈರಮುಡಿ ಕಿರೀಟ ನೋಡಬಹುದಾ ಅಂತ ಅತ್ತೆ ಕೇಳಿದರು. ಅದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿರುತ್ತದೆ. ಮಾರ್ಚ್-ಏಪ್ರಿಲ್ ಹೊತ್ತಿನ ಉತ್ಸವಕ್ಕೆ ಪೊಲೀಸ್ ಕಾವಲಲ್ಲಿ ಬರುತ್ತದೆ. ಹಗಲಿನ ಬೆಳಕು ಬೀಳಬಾರದು ಅಂತ ರಾತ್ರಿಯೇ ಮೆರವಣಿಗೆ. ರಾಜ ಒಡೆಯರು ಕೊಟ್ಟ ರಾಜಮುಡಿ ಕಿರೀಟ ಬೇರೆ, ಮುಮ್ಮಡಿಯವರ ಕೃಷ್ಣರಾಜಮುಡಿ ಬೇರೆ.

ರಾತ್ರಿ ಎಂಟೂವರೆಗೆ ಊರು ಮಲಗಿತ್ತು. ನಾವು ರಾಯಗೋಪುರದ ಕಡೆ ಸ್ವಲ್ಪ ದೂರ ನಡೆದೆವು. ಚಳಿಗೆ ಅತ್ತೆ ಶಾಲನ್ನು ತಲೆ ತುಂಬಾ ಹೊದ್ದಿದ್ದರು. ಹಿಂದಿನ ರಾತ್ರಿ ಇದೇ ಹೊತ್ತಿಗೆ ಕೆ.ಆರ್. ಸರ್ಕಲ್ ದಾಟೋಕೆ ನಾನು ಅವರ ಕೈ ಬಿಗಿಯಾಗಿ ಹಿಡಿದಿದ್ದೆ. ಇಲ್ಲಿ ಅವರೇ ಮುಂದೆ ಮುಂದೆ ಹೋಗುತ್ತಿದ್ದರು.

ಬುಧವಾರ

ಆರು ಗಂಟೆಗೆ ಕಲ್ಯಾಣಿ. ಫೋಟೋ ಜೋಡಿಗಳಿಲ್ಲ. ಮೆಟ್ಟಿಲ ಮೇಲೆ ಮಂಜು ಇನ್ನೂ ಇತ್ತು, ಮಂಟಪದ ಕಂಬಗಳು ಅರ್ಧ ಕಾಣುತ್ತಿದ್ದವು. ಒಬ್ಬರು ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲೇ ಸಂಧ್ಯಾವಂದನೆಗೆ ಕೂತಿದ್ದರು. ಎಷ್ಟೋ ಸಿನಿಮಾಗಳಲ್ಲಿ ಹಾಡಿಗೆ ಕುಣಿದಿರುವ ಜಾಗ ಇದು. ಹಾಡಿಲ್ಲದೆ ಇದ್ದರೇ ಚೆಂದ.

ಯೋಗನರಸಿಂಹನ ಬೆಟ್ಟ ಚಾಮುಂಡಿ ಮೆಟ್ಟಿಲು ಹತ್ತಿದವರಿಗೆ ಏನೇನೂ ಅಲ್ಲ. ಅತ್ತೆಯೂ ಹತ್ತಿದರು, ನಿಧಾನಕ್ಕೆ. ಮೇಲಿನಿಂದ ನೋಡಿದರೆ ಬಂಡೆಗಳ ಸಂದಿಯಲ್ಲಿ ಅಲ್ಲಲ್ಲಿ ನೀರು ಹೊಳೆಯುತ್ತದೆ. ನೂರೆಂಟು ಕೊಳ ಅನ್ನುತ್ತಾರೆ. ಸುತ್ತಲಿನ ಕಾಡು ವನ್ಯಧಾಮ, ತೋಳಗಳಿಗಾಗಿ 1974ರಲ್ಲಿ ಘೋಷಿಸಿದ್ದು. ತೋಳ ಕಾಣಲಿಲ್ಲ. ಕೋತಿಗಳು ಬೇಕಾದಷ್ಟು ಕಂಡವು, ಅದರಲ್ಲಿ ಒಂದು ನಮ್ಮ ಬಾಳೆಹಣ್ಣಿನ ಕವರ್ ತಗೊಂಡು ಹೋಯಿತು. ಅದೂ ಅಷ್ಟು ಹುಡುಕಿ ತಂದ ರಸಬಾಳೆ.

ಇಳಿದ ಮೇಲೆ ಪುಳಿಯೋಗರೆ. ರಸ್ತೆ ಬದಿ ಎಲ್ಲಾ ಕಡೆ ಸಿಗುತ್ತದೆ, ಆದರೆ ಗೊಜ್ಜು ಮಾಡಿ ಮಾರುವ ಮನೆ ಒಂದಿದೆ ಅಂತ ರೂಮಿನವರು ತೋರಿಸಿದರು. ಮಾಮಿ ಒಲೆ ಮುಂದೆಯೇ ಇದ್ದರು. ಹುಣಸೆಹಣ್ಣಿನ ರಸ ಕುದಿದು ಕುದಿದು ಕಾಲು ಭಾಗ ಆಗಿತ್ತು. ಅದಕ್ಕೆ ಬೆಲ್ಲ, ಉಪ್ಪು, ಹುರಿದು ಪುಡಿ ಮಾಡಿದ ಕೊತ್ತಂಬರಿ ಬೀಜ, ಮೆಂತ್ಯ, ಮೆಣಸು, ಎಳ್ಳು. "ಎಷ್ಟು ಹೊತ್ತು ಕುದಿಸ್ತೀರಿ ಮಾಮಿ?" ಅಂದೆ. ಅವರು ಗಡಿಯಾರದ ಕಡೆ ನೋಡಲಿಲ್ಲ, ಸೌಟಿನಿಂದ ಬಾಣಲಿಯ ಅಂಚು ತೋರಿಸಿದರು. ಎಣ್ಣೆ ಬಿಟ್ಟುಕೊಂಡು ಸುತ್ತಲೂ ಕೆಂಪಗೆ ನಿಂತಿತ್ತು. "ಎಣ್ಣೆ ಮೇಲೆ ಬರೋ ತನಕ. ಅದಕ್ಕೆ ಮುಂಚೆ ಇಳಿಸಿದ್ರೆ ವಾರಕ್ಕೇ ಕೆಡತ್ತೆ." ಅತ್ತೆ ಕೂತೇಬಿಟ್ಟರು. ಕೊಬ್ಬರಿ ಯಾವಾಗ ಹಾಕೋದು ಅನ್ನೋದರ ಮೇಲೆ ಇಬ್ಬರಿಗೂ ಅರ್ಧ ಗಂಟೆ ಮಾತು. ಗೊಜ್ಜಿಗೆ ಕೊಬ್ಬರಿ ಬೇಡ, ಅನ್ನ ಕಲಸುವಾಗ ಹಾಕಬೇಕು ಅಂತ ಕೊನೆಗೆ ತೀರ್ಮಾನ ಆಯಿತು. ನಮಗೆ ದೊನ್ನೆಯಲ್ಲಿ ಒಂದೊಂದು ಹಿಡಿ ಸಿಕ್ಕಿತು. ಹುಳಿ ಮೊದಲು, ಖಾರ ಆಮೇಲೆ, ಬೆಲ್ಲ ಕೊನೆಗೆ ನಾಲಿಗೆಗೆ ಬರುತ್ತದೆ.

ಕವಿ ಪು.ತಿ.ನ. ಹುಟ್ಟಿದ ಊರಿದು, 1905ರಲ್ಲಿ. ಅವರ ಮನೆ ಈಗ ಸ್ಮಾರಕ. ಹೊರಗಿನಿಂದ ನೋಡಿದರೆ ಬೀದಿಯ ಬೇರೆ ಮನೆಗಳಿಗೂ ಅದಕ್ಕೂ ಅಂಥ ವ್ಯತ್ಯಾಸ ಇಲ್ಲ, ಅದೇ ಹಿಡಿಸಿತು. ಆಮೇಲೆ ಕೈಮಗ್ಗದ ಕಡೆ. ಜಯಪ್ರಕಾಶ ನಾರಾಯಣರ ಕಾರ್ಯದರ್ಶಿಯಾಗಿದ್ದ ಗಾಂಧಿವಾದಿ ಸುರೇಂದ್ರ ಕೌಲಗಿಯವರು 1960ರಲ್ಲಿ ಇಲ್ಲಿ ಜನಪದ ಸೇವಾ ಟ್ರಸ್ಟ್ ಶುರು ಮಾಡಿದರು. ಖಾದಿ ನೇಯ್ಗೆ, ಗಿಡಮೂಲದ ಬಣ್ಣ ಎಲ್ಲಾ ಅವರ ಕೆಲಸ. ಮೈಸೂರಿನಲ್ಲಿ ಸೀರೆ ವಾಪಸ್ ಇಟ್ಟ ಅತ್ತೆ ಇಲ್ಲಿ ಒಂದು ಪಂಚೆ, ಎರಡು ಟವೆಲ್ ತಗೊಂಡರು. ಚೌಕಾಸಿ ಇಲ್ಲ, ಮೊಳ ಅಳೆಯುವ ಜಗಳ ಇಲ್ಲ.

ಮಧ್ಯಾಹ್ನ ಮಾಡಲು ಏನೂ ಇರಲಿಲ್ಲ. ಇವರು ನಾಲ್ಕು ಗಂಟೆವರೆಗೆ ಮಲಗಿದರು. ಬಿಸಿಲು ಇಳಿದ ಮೇಲೆ ಅಕ್ಕ ತಂಗಿ ಕೊಳಕ್ಕೆ ಹೋದೆವು. ಪಕ್ಕ ಪಕ್ಕ ಎರಡು ಕೊಳ, ಮಧ್ಯೆ ಒಂದು ಕಲ್ಲಿನ ದಾರಿ ಅಷ್ಟೇ. ಒಂದರ ನೀರು ಕುಡಿಯೋಕೆ, ಇನ್ನೊಂದರದ್ದು ಬಳಕೆಗೆ ಅಂತ ಊರವರು ಹೇಳುತ್ತಾರೆ. ಅಕ್ಕ ತಂಗಿಯರು ಪೈಪೋಟಿಗೆ ಬಿದ್ದು ಕಟ್ಟಿಸಿದರು ಅಂತ ಕಥೆ. ಅತ್ತೆಗೆ ತಮ್ಮ ತಂಗಿ ನೆನಪಾದರು. ಅಲ್ಲೇ ಫೋನ್ ಮಾಡಿದರು, ಸಿಗ್ನಲ್ ಸಿಗಲಿಲ್ಲ.

ಗುರುವಾರ

ಬೆಳಗಿನ ಬಸ್ಸಿಗೆ ಪಾಂಡವಪುರಕ್ಕೆ ಇಳಿದು, ಅಲ್ಲಿಂದ ಆಟೋ ಮಾಡಿ ತೊಣ್ಣೂರು ಕೆರೆ. ರಾಮಾನುಜರು ಕಟ್ಟಿಸಿದ ತಿರುಮಲಸಾಗರ ಅಂತ ನಂಬಿಕೆ. ನೀರು ತಿಳಿಯಾಗಿದ್ದದ್ದು ನೋಡಿ ಹೈದರಾಬಾದ್ ನಿಜಾಮನ ಮಗ ನಾಸಿರ್ ಜಂಗ್ ಇದಕ್ಕೆ ಮೋತಿ ತಲಾಬ್ ಅಂತ ಹೆಸರಿಟ್ಟ. ಈಗಲೂ ದಡದಲ್ಲಿ ತಳದ ಕಲ್ಲು ಎಣಿಸಬಹುದು. ಈಜೋಕೆ ಇಳಿಯಬೇಡಿ, ಕೆರೆ ಆಳ.

ವಾಪಸ್ ಬರುವಾಗ ಹೊಗೆ ಕಂಡಿತು, ಜೊತೆಗೆ ಸಿಹಿ ವಾಸನೆ. ಆಲೆಮನೆ. ಅತ್ತೆ ಆಟೋ ನಿಲ್ಲಿಸಿದರು. ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೊತಕೊತ ಕುದಿಯುತ್ತಿತ್ತು, ಒಬ್ಬ ಮೇಲೆ ಬಂದ ಕೊಳೆ ನೊರೆ ತೆಗೆದು ತೆಗೆದು ಚೆಲ್ಲುತ್ತಿದ್ದ. ಒಲೆಗೆ ಹಾಕುತ್ತಿದ್ದದ್ದು ಅದೇ ಕಬ್ಬಿನ ಒಣಗಿದ ಸಿಪ್ಪೆ. ಆ ಕಡೆ ಅಚ್ಚುಗಳಲ್ಲಿ ಬೆಲ್ಲ ಆರುತ್ತಿತ್ತು.

"ನಮ್ ಕಡೆ ಜೋನಿ ಬೆಲ್ಲ ಮಾಡ್ತೀವಿ. ಇಷ್ಟು ಗಟ್ಟಿ ಕಾಯಿಸಲ್ಲ," ಅಂದರು ಅತ್ತೆ.

"ಜೋನಿ ಸಂತೇಗೆ ಹೊರೋದು ಎಂಗವ್ವ? ನಮ್ದು ಮೂಟೆ ಲೆಕ್ಕ," ಅಂದ ಆತ. ಲೋಟದಲ್ಲಿ ಕಬ್ಬಿನ ಹಾಲು ಕೊಟ್ಟ, ದುಡ್ಡು ಬೇಡ ಅಂದ. ಅತ್ತೆ ಐದು ಕೆಜಿ ಅಚ್ಚು ಬೆಲ್ಲ ತಗೊಂಡರು. ಹೊತ್ತವರು ಇವರು.

ಪಾಂಡವಪುರ ಬಸ್ ಸ್ಟ್ಯಾಂಡಿನಲ್ಲಿ ಮೈಸೂರು ಬಸ್ಸಿಗೆ ಕಾಯುವಾಗ ಅತ್ತೆ ಕಂಡಕ್ಟರ್ ಒಬ್ಬರನ್ನು ವೈರಮುಡಿಗೆ ಎಷ್ಟು ಬಸ್ ಬಿಡ್ತಾರೆ ಅಂತ ವಿಚಾರಿಸಿದರು.

"ಬಸ್ಸೇನೋ ಬೇಕಾದಷ್ಟು ಬುಡ್ತಾರೆ. ನಿಂತ್ಕಳಕ್ಕೆ ಜಾಗ ಎಲ್ಲೈತೆ? ಅವತ್ತು ಬ್ಯಾಡ ಕಣವ್ವ, ಹಬ್ಬ ಕಳ್ದು ವಾರ ಬುಟ್ಟು ಬನ್ನಿ."

"ಕಿರೀಟ ಅಷ್ಟೊತ್ತಿಗೆ ಮಂಡ್ಯಕ್ಕೆ ಹೋಗಿರುತ್ತಲ್ಲಪ್ಪ."

"ಕಿರೀಟ ಓದ್ರೆ ಓಯ್ತದೆ. ದ್ಯಾವ್ರು ಅಲ್ಲೇ ಇರ್ತಾನಲ್ಲ," ಅಂತ ಸೀಟಿ ಊದಿ ಬಸ್ ಹತ್ತಿದರು.